ಹಾಸನದ ಲ್ಯಾಬ್‌ನಲ್ಲಿ ಕರುಳಿನ ಚಿಪ್: ಗಾಳಿಗುಳ್ಳೆ ಕಲಿಸಿದ ಪಾಠ

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಕರುಳಿನ ಚಿಪ್ ಮಾಡಲು ಕೂತಾಗ ಮೂರು ತಿಂಗಳು ನನ್ನನ್ನು ಗೋಳುಹೊಯ್ದುಕೊಂಡಿದ್ದು ಗಾಳಿಗುಳ್ಳೆ.

ಚಿಪ್ ಅಂದರೆ, ಔಷಧಿ ಕರುಳಿನ ಗೋಡೆಯನ್ನು ಹೇಗೆ ದಾಟುತ್ತದೆ ಎಂದು ಪ್ರಾಣಿಗಳ ಬದಲು ಜೀವಕೋಶಗಳ ಮೇಲೇ ನೋಡಲು ಮಾಡಿದ, ಪೆನ್‌ಡ್ರೈವ್ ಗಾತ್ರದ, ಗಾಜಿನಷ್ಟು ತಿಳಿಯಾದ ಸಿಲಿಕೋನ್ ರಬ್ಬರ್ ತುಂಡು. ಒಳಗೆ ಒಂದರ ಮೇಲೊಂದು ಎರಡು ಕಾಲುವೆ, ಎತ್ತರ ಒಂದೆರಡು ಕೂದಲೆಳೆಯಷ್ಟೇ. ನಡುವೆ ಸಣ್ಣ ತೂತುಗಳಿರುವ ಪೊರೆ. ಮೇಲೆ ಕರುಳಿನ ಜೀವಕೋಶ, ಕೆಳಗಿನದು ರಕ್ತನಾಳದ ಜಾಗ. 2010ರಲ್ಲಿ ಅಮೆರಿಕದ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ಮತ್ತು ಡಾನ್ ಹ್ಯೂ ಇಂಥದ್ದೇ ಚಿಪ್‌ನಲ್ಲಿ ಶ್ವಾಸಕೋಶದ ಜೀವಕೋಶಗಳನ್ನು ಉಸಿರಾಟದಂತೆ ಹಿಗ್ಗಿಸಿ ಕುಗ್ಗಿಸಿ ತೋರಿಸಿದರು. 2012ರಲ್ಲಿ ಅದೇ ತಂಡದಿಂದ ಕರುಳಿನ ಚಿಪ್ ಬಂತು.

ಅಚ್ಚು ಬೆಂಗಳೂರಿನಲ್ಲಿ ಮಾಡಿಸಿದೆ. ರಬ್ಬರ್ ಹತ್ತು ಪಾಲು, ಗಟ್ಟಿ ಮಾಡುವ ದ್ರವ ಒಂದು ಪಾಲು ಬೆರೆಸಿ, ವ್ಯಾಕ್ಯೂಮ್‌ನಲ್ಲಿಟ್ಟು, ಅಚ್ಚಿಗೆ ಸುರಿದು ಓವನ್‌ನಲ್ಲಿ ಬೇಯಿಸುವುದು ಬೇಗ ಕೈಗೆ ಹತ್ತಿತು. ಜೀವಕೋಶ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ್ದು, ಹೆಸರು ಕಾಕೊ-2. ಮೂಲ ಒಬ್ಬ ರೋಗಿಯ ದೊಡ್ಡಕರುಳಿನ ಕ್ಯಾನ್ಸರ್ ಗೆಡ್ಡೆ. ಆದರೂ ಬೆಳೆಯಲು ಬಿಟ್ಟರೆ ಸಣ್ಣಕರುಳಿನ ಗೋಡೆಯ ಹಾಗೆ ಒತ್ತಾಗಿ ನಿಲ್ಲುತ್ತವೆ.

ಜೀವಕೋಶಗಳಿಗೆ ಆಹಾರವಾಗುವ ದ್ರವ, ಅಂದರೆ ಮೀಡಿಯಂ, ಗಂಟೆಗೆ 30 ಮೈಕ್ರೋಲೀಟರ್‌ನಂತೆ ಕಾಲುವೆಯಲ್ಲಿ ಹರಿಯಲು ಪಂಪ್ ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರಾಗಿ ಪೈರಿನ ನಡುವೆ ಗಾಡಿ ಹಾಯ್ದ ಹಾಗೆ ಒಂದು ಬೋಳು ಪಟ್ಟೆ! ಗುಳ್ಳೆಯೊಂದು ಜೀವಕೋಶಗಳನ್ನು ಕಿತ್ತುಕೊಂಡೇ ಸಾಗಿತ್ತು. ಕೊಳವೆ ಬದಲಿಸಿದೆ, ಕನೆಕ್ಟರ್ ಬದಲಿಸಿದೆ, ಮತ್ತೆ ಅದೇ ಕತೆ. ಕೊನೆಗೆ ಲ್ಯಾಬ್ ಅಟೆಂಡರ್ ಕೇಳಿದರು: "ಮೇಡಂ, ಫ್ರಿಜ್ ನೀರು ಬಿಸಿಗಿಟ್ರೆ ತಳದಲ್ಲಿ ಗುಳ್ಳೆ ಕೂರಲ್ವಾ?" ಅಲ್ಲೇ ಇತ್ತು ನೋಡಿ. ತಣ್ಣನೆಯ ಮೀಡಿಯಂ 37 ಡಿಗ್ರಿಯ ಇನ್‌ಕ್ಯುಬೇಟರ್ ಒಳಗೆ ಬಿಸಿಯಾಗುತ್ತಾ ಕರಗಿದ್ದ ಗಾಳಿಯನ್ನು ಕಾಲುವೆಯಲ್ಲೇ ಬಿಡುತ್ತಿತ್ತು. ಅಂದಿನಿಂದ ಮೀಡಿಯಂ ಹಿಂದಿನ ರಾತ್ರಿಯೇ ಇನ್‌ಕ್ಯುಬೇಟರ್ ಸೇರುತ್ತದೆ. ಕೊಳವೆ ಜೋಡಿಸುವಾಗ ಎರಡೂ ತುದಿಯಲ್ಲಿ ಹನಿ ನಿಲ್ಲಿಸಿ, ಹನಿಗೆ ಹನಿ ತಾಗಿಸಿಯೇ ಸೇರಿಸುತ್ತೇನೆ. ಆ ಅಟೆಂಡರ್‌ಗೆ ನಾನು ಋಣಿ.

ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೈಕೊಟ್ಟು ಒಂದು ಬ್ಯಾಚ್ ಸತ್ತಿತು. ಬ್ಯಾಟರಿಗೆ ದುಡ್ಡು ಉಳಿಸಬೇಡಿ.

ಆಮೇಲಿನ ಬ್ಯಾಚ್‌ನ ಆರನೇ ದಿನವನ್ನು ಮರೆಯಲಾರೆ. ಫೋಕಸ್ ತಿರುಗಿಸಿದಂತೆ ಒಂದು ಪದರ ಮಸುಕಾಗಿ, ಅದರ ಮೇಲೆ ದಿಣ್ಣೆಗಳು ಒಂದೊಂದಾಗಿ ಸ್ಪಷ್ಟವಾದವು. ಕರುಳಿನ ಮಡಿಕೆಗಳು! ಹೋಲಿಸಿ ನೋಡಲು ಹರಿವಿಲ್ಲದ ಬಟ್ಟಲಿನಲ್ಲಿಟ್ಟ ಜೀವಕೋಶಗಳು ಅದೇ ದಿನ ಇನ್ನೂ ಚಪ್ಪಟೆಯಾಗಿದ್ದವು. ಬಟ್ಟಲಿನಲ್ಲಿ ಇವು ಬಲಿಯಲು 21 ದಿನ ಬೇಕು, ಆಗಲೂ ಇಂಥ ಮಡಿಕೆ ಏಳುವುದಿಲ್ಲ. ಹರಿವು ಇಷ್ಟು ಮಾಡುತ್ತದೆ ಎಂದು ಓದಿದ್ದೆ. ಕಣ್ಣಾರೆ ಕಂಡಾಗ ಕುರ್ಚಿ ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಕಾಫಿ ಸೀಮೆಯವಳಾದ್ದರಿಂದ ಮೊದಲ ಪರೀಕ್ಷೆಗೆ ಕೆಫೀನ್ ಆರಿಸಿಕೊಂಡೆ. ಅದು ಕರುಳಿನ ಗೋಡೆಯನ್ನು ಸಲೀಸಾಗಿ ದಾಟುತ್ತದೆ. ಜೊತೆಗೆ ದಾಟಬಾರದ ಹಳದಿ ಬಣ್ಣವೊಂದನ್ನೂ ಬಿಟ್ಟೆ. ಕೆಫೀನ್ ಕೆಳಗೆ ಸಿಕ್ಕಿತು, ಬಣ್ಣ ಬಹುಪಾಲು ಮೇಲೇ ಉಳಿಯಿತು. ಗೋಡೆ ಗಟ್ಟಿಯಾಗಿತ್ತು.

2023ರಲ್ಲಿ ನಮ್ಮ ದೇಶದ ಹೊಸ ಔಷಧಿ ನಿಯಮಗಳ ತಿದ್ದುಪಡಿ ಇಂಥ ಚಿಪ್‌ಗಳ ಫಲಿತಾಂಶಕ್ಕೂ ಜಾಗ ಕೊಟ್ಟಿತು. ಇಲಿ, ಮೊಲಗಳನ್ನು ಉಳಿಸುವ ಈ ದಾರಿಗೆ ಸಣ್ಣ ಊರಿನ ಕಾಲೇಜುಗಳೂ ಇಳಿಯಬೇಕು ಎಂಬುದು ನನ್ನ ಆಸೆ. ಇಳಿಯುವವರಿಗೆ ಒಂದು ಮಾತು: ಎಣ್ಣೆಯಲ್ಲಿ ಕರಗುವ ಔಷಧಿಗಳನ್ನು ಈ ರಬ್ಬರ್ ತಾನೇ ಹೀರಿಕೊಳ್ಳುತ್ತದೆ. ಮೊದಲು ಜೀವಕೋಶವಿಲ್ಲದ ಖಾಲಿ ಚಿಪ್‌ನಲ್ಲಿ ಔಷಧಿ ಹರಿಸಿ, ಎಷ್ಟು ಕಡಿಮೆಯಾಯಿತು ಅಳೆದಿಟ್ಟುಕೊಳ್ಳಿ.