ಅಂಗಿಯ ಗುಂಡಿ: ಕೊನೆಯ ಹೆಜ್ಜೆಯಿಂದ ಕಲಿಸಿ

ಬೌದ್ಧಿಕ ವಿಕಲತೆಯುಳ್ಳ ಮಕ್ಕಳಿಗೆ ಗುಂಡಿ ಹಾಕುವುದನ್ನು ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುತ್ತಾ ಬನ್ನಿ. ಎದುರಿಗೆ ಕೂರಬೇಡಿ, ಎಡಬಲ ತಿರುವುಮುರುವಾಗುತ್ತದೆ. ಬೆನ್ನ ಹಿಂದೆ ನಿಂತು ಕೈ ಹಿಡಿಯಿರಿ. 2.5 ಸೆಂ.ಮೀ. ಅಗಲದ ಚಪ್ಪಟೆ ಗುಂಡಿ, ತುಸು ಸಡಿಲ ಕಾಜ ಇರುವ ದಪ್ಪ ಬಟ್ಟೆಯ ಅಂಗಿ ಒಳ್ಳೆಯದು. ಗುಂಡಿಯನ್ನು ಅರ್ಧದವರೆಗೆ ನೀವೇ ಕಾಜದೊಳಗೆ ತೂರಿಸಿ; ಹೊರಗೆ ಕಂಡ ಅಂಚನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಎಳೆಯುವುದಷ್ಟೇ ಮಗುವಿನ ಕೆಲಸ. ಸತತ 3 ದಿನ ನೆರವಿಲ್ಲದೆ ಎಳೆದರೆ, ತೂರಿಸುವುದನ್ನೂ ಮಗುವಿಗೇ ಬಿಡಿ.

ಕೆಳಗಿನ ಗುಂಡಿಯಿಂದ ಶುರು ಮಾಡಿ: ಕಣ್ಣಿಗೆ ಕಾಣುತ್ತದೆ, ಅಂಚು ಜೋಡಿಸುವುದೂ ಸುಲಭ. ಕತ್ತಿನದು ಕೊನೆಗೆ. ಕೆಲಸ ಕೆಡುವುದು ಹೆಚ್ಚಾಗಿ ನಮ್ಮ ಬಾಯಿಂದಲೇ. “ಹಾಕು, ಎಳೆ” ಎನ್ನುತ್ತಿದ್ದರೆ ಮಗು ಪ್ರತಿಸಲ ಆ ಮಾತಿಗೇ ಕಾಯುತ್ತದೆ. ಅಭ್ಯಾಸ ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗಲೇ ನಡೆಯಲಿ. ಹೊತ್ತಾಗಿದ್ದರೆ ಆವತ್ತಿಗೆ ಒಂದೇ ಗುಂಡಿ ಸಾಕು, ಉಳಿದದ್ದು ನೀವೇ ಹಾಕಿ.