ಅರ್ಜಿ ಕೇಳುವುದನ್ನು ಬಿಟ್ಟೆ, ಪ್ರಶಸ್ತಿಗೆ ಜೀವ ಬಂತು: ನನ್ನ ಅನುಭವ

ಈ ಸಲ ಶಿಕ್ಷಕರ ದಿನಾಚರಣೆ ಮುಗಿಸಿ ಸಭಾಂಗಣದಿಂದ ಹೊರಗೆ ಬರುವಾಗ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. ನಮ್ಮ ಸೇವಾ ಪ್ರಶಸ್ತಿಗೆ ಅರ್ಜಿ ಬಿಟ್ಟು ಕಾರ್ಡು ಬರೆಸೋಣ ಎಂದ ಮೊದಲ ಸಭೆಯಲ್ಲಿ "ಇದು ಎರಡು ವರ್ಷ ನಡೆದರೆ ಹೆಚ್ಚು" ಎಂದಿದ್ದವರು ಇವರೇ. "ಮುಂದಿನ ವರ್ಷ ನಾನೂ ಕಾರ್ಡು ಬರೆಯಬಹುದಾ?" ಎಂದು ಕೇಳಿದರು. ಅವತ್ತೇ ಇದನ್ನೆಲ್ಲ ಬರೆದಿಡಬೇಕು ಅನ್ನಿಸಿತು. ಐಕ್ಯೂಎಸಿ (ಗುಣಮಟ್ಟ ನೋಡಿಕೊಳ್ಳುವ ಒಳಘಟಕ) ಅಥವಾ ಕುಲಸಚಿವರ ಕಚೇರಿಯಲ್ಲಿ ಇಂಥ ಕಡತ ಹೊತ್ತು ಓಡಾಡುವವರಿಗೆ ಉಪಯೋಗಕ್ಕೆ ಬಂದೀತು.

ನಾನು ಉತ್ತರ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಹೇಳುವವನು. ಬೋಧಕ, ಬೋಧಕೇತರ ಸಿಬ್ಬಂದಿಯ ಉತ್ತಮ ಸೇವೆಗೆ ಒಂದು ಪ್ರಶಸ್ತಿ ಬೇಕು ಎಂದು 2016ರಲ್ಲಿ ಹೊಣೆ ನನ್ನ ಹೆಗಲಿಗೆ ಬಂತು. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಬೋಧಕರ ಬಡ್ತಿಗೆ (ಕ್ಯಾಸ್) ಅಂಕ ಲೆಕ್ಕ ಹಾಕುವ ಎಪಿಐ ನಮೂನೆಯನ್ನೇ ಸ್ವಲ್ಪ ತಿದ್ದಿ ಹನ್ನೊಂದು ಪುಟದ ಅರ್ಜಿ ಮಾಡಿಸಿದೆ. ಬೋಧಕರಿಂದ ಇಪ್ಪತ್ತರ ಆಸುಪಾಸು ಅರ್ಜಿ ಬಂದವು. ಮುಕ್ಕಾಲು ಪಾಲು ಬಡ್ತಿಗೆ ಕೊಟ್ಟಿದ್ದ ಕಟ್ಟುಗಳೇ, ರಕ್ಷಾಪುಟ ಮಾತ್ರ ಹೊಸದು. ಬೋಧಕೇತರರಿಂದ ಬಂದದ್ದು ಎರಡೇ, ಅದರಲ್ಲಿ ಒಂದನ್ನು ಬರೆದವರು ಅವರ ಸೂಪರಿಂಟೆಂಡೆಂಟ್. ಅತ್ಯಂತ ದಪ್ಪ ಕಟ್ಟಿನವರಿಗೆ ಪ್ರಶಸ್ತಿ ಹೋಯಿತು. ಅರ್ಧ ಖಾಲಿ ಇದ್ದ ಸಭಾಂಗಣದ ಚಪ್ಪಾಳೆಯ ಸದ್ದು ನನಗೆ ಇನ್ನೂ ನೆನಪಿದೆ.

ಮರುವರ್ಷ ಆನ್‌ಲೈನ್ ಮತದಾನ. ಒಂದೇ ರಾತ್ರಿಯಲ್ಲಿ ಒಬ್ಬರಿಗೆ ಎಂಟುನೂರೋ ಒಂಬೈನೂರೋ ಮತ ಬಿದ್ದವು. ಯಾವ ವಾಟ್ಸಾಪ್ ಗುಂಪಿನಿಂದ ಬಂದವು ಎಂದು ಬೆಳಿಗ್ಗೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ರದ್ದು ಮಾಡಿದೆ. ಆಮೇಲೆ ನೌಕರರ ಸಂಘದ ಒತ್ತಾಯಕ್ಕೆ ಮಣಿದು ಕಲೆ, ವಿಜ್ಞಾನ, ವಾಣಿಜ್ಯ ಎಂದು ನಿಕಾಯವಾರು ಸರದಿ ಇಟ್ಟೆ. ಅದು ಇನ್ನೂ ಕೆಟ್ಟದಾಯಿತು. "ಈ ಸಲ ವಾಣಿಜ್ಯದವರದು" ಎಂದು ಜೂನ್ ತಿಂಗಳಲ್ಲೇ ಮಾತು ಮುಗಿದಿರುತ್ತಿತ್ತು.

ದಾರಿ ತೋರಿಸಿದ್ದು 2019ರ ಆಗಸ್ಟ್ ಮಳೆ. ನಮ್ಮ ಕಡೆ ಹೊಳೆಗಳೆಲ್ಲ ಉಕ್ಕಿದ ವಾರ ಅದು. ಪರೀಕ್ಷಾಂಗದ ನೆಲಮಾಳಿಗೆಗೆ ರಾತ್ರಿ ನೀರು ನುಗ್ಗಿದಾಗ ಹೊರಗುತ್ತಿಗೆಯ ಅಟೆಂಡರ್ ಒಬ್ಬರು ಒಬ್ಬರೇ ನಾನೂರರಷ್ಟು ಉತ್ತರಪತ್ರಿಕೆ ಕಟ್ಟುಗಳನ್ನು ಮೇಲಿನ ಮಹಡಿಗೆ ಹೊತ್ತಿದ್ದರು. ಆ ಸೆಮಿಸ್ಟರಿನ ಫಲಿತಾಂಶ ಉಳಿದದ್ದು ಅವರಿಂದ. ಇದು ನನಗೆ ತಿಳಿದದ್ದು ಆರು ತಿಂಗಳು ಕಳೆದ ಮೇಲೆ, ಗೇಟಿನ ಚಹಾ ಅಂಗಡಿಯಲ್ಲಿ. ನನ್ನ ಹನ್ನೊಂದು ಪುಟದ ನಮೂನೆಯಲ್ಲಿ ಅವರ ಹೆಸರು ಬರೆಯಲಿಕ್ಕೂ ಜಾಗ ಇರಲಿಲ್ಲ, ಏಕೆಂದರೆ ಅವರಿಗೆ ನೌಕರ ಸಂಖ್ಯೆಯೇ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೋವಿಡ್ ಮುಗಿದು ಆವರಣ ತೆರೆದ ಮೇಲೆ, 2022ರಲ್ಲಿ ಅರ್ಜಿ ಪದ್ಧತಿಯನ್ನೇ ಕೈಬಿಟ್ಟೆ. ಅಂಚೆ ಕಚೇರಿಯಿಂದ ಐವತ್ತು ಪೈಸೆಯ ಹಳದಿ ಕಾರ್ಡು ಎರಡು ಸಾವಿರ ತಂದೆ, ಖರ್ಚು ಒಂದು ಸಾವಿರ ರೂಪಾಯಿ. ಗ್ರಂಥಾಲಯ, ಹಾಸ್ಟೆಲ್, ಪರೀಕ್ಷಾಂಗದ ಕೌಂಟರ್, ಸಂಯೋಜಿತ ಕಾಲೇಜುಗಳ ಕಚೇರಿ, ಎಲ್ಲ ಕಡೆ ಹಂಚಿದೆ. ಕೇಳಿದ್ದು ಒಂದೇ ಮಾತು: ಈ ವಿಶ್ವವಿದ್ಯಾಲಯದಲ್ಲಿ ಯಾರಾದರೂ ನಿಮಗಾಗಿ ಒಂದು ದಿನ ಮಾಡಿದ ಒಂದು ಕೆಲಸ ಬರೆಯಿರಿ. ತನ್ನ ಬಗ್ಗೆ ತಾನು ಬರೆಯುವಂತಿಲ್ಲ, ವಿಭಾಗದ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಬಗ್ಗೆ ಬರೆಯುವಂತಿಲ್ಲ. "ಹುಡುಗಾಟ" ಎಂದರು ಕೆಲವರು. ಹಳದಿ ಕಾರ್ಡಿಗೆ ಈ ಕಾಲದ ಹುಡುಗರು ಪೆನ್ನು ಹಿಡಿಯುತ್ತಾರಾ ಎಂದರು. ಮೊದಲ ವರ್ಷವೇ ಮುನ್ನೂರ ನಲವತ್ತರಷ್ಟು ಬಂದವು.

ಅದರಲ್ಲಿ ಅರವತ್ತು ಎಪ್ಪತ್ತು ಕಾರ್ಡುಗಳಲ್ಲಿ "ತುಂಬಾ ಒಳ್ಳೆಯವರು, ಸದಾ ನಗುಮುಖ" ಎಂದಷ್ಟೇ ಇತ್ತು. ಘಟನೆ ಇಲ್ಲದ ಹೊಗಳಿಕೆಯನ್ನು ಪಕ್ಕಕ್ಕಿಟ್ಟೆವು. ಉಳಿದವನ್ನು ನಾನೇ ಕೂತು ಮತ್ತೆ ಟೈಪ್ ಮಾಡಿದೆ. ಹೆಸರು, ವಿಭಾಗ, ಊರು ಎಲ್ಲ ತೆಗೆದೆ. ಇಲ್ಲಿ ನಮ್ಮ ಭಾಷೆ ದೊಡ್ಡ ಉಪಕಾರ ಮಾಡಿತು. "ಮಾಡಿದ", "ಮಾಡಿದಳು" ಎಂದಿದ್ದುದನ್ನೆಲ್ಲ "ಮಾಡಿದರು" ಎಂದು ತಿದ್ದಿದರೆ ಗಂಡೋ ಹೆಣ್ಣೋ, ಪ್ರೊಫೆಸರೋ ಕಸ ಗುಡಿಸುವವರೋ ತಿಳಿಯುವುದಿಲ್ಲ. ಸರ್, ಮೇಡಂ, ಅಕ್ಕ, ಕಾಕಾ ಎಂಬ ಪದಗಳನ್ನೂ ಬಿಡದೆ ಹುಡುಕಿ ಅಳಿಸಬೇಕು. ಮೊದಲ ಸಲ ಒಂದು "ಕಾಕಾ" ಉಳಿದುಬಿಟ್ಟಿತ್ತು, ಆಯ್ಕೆ ಸಮಿತಿಯವರು ಕಾವಲುಗಾರರೆಂದು ತಕ್ಷಣ ಗುರುತಿಸಿದರು. ಆ ಕಾರ್ಡನ್ನು ಸ್ಪರ್ಧೆಯಿಂದ ತೆಗೆಯಬೇಕಾಯಿತು. ಆ ಕಾಕಾ ಅವರಿಗೆ ಅನ್ಯಾಯವಾಯಿತೆಂಬ ನೋವು ನನಗೆ ಇನ್ನೂ ಇದೆ.

ಸಮಿತಿಯಲ್ಲಿ ಐದು ಜನ: ಹೊರಗಿನ ಒಬ್ಬ ನಿವೃತ್ತ ಪ್ರಾಧ್ಯಾಪಕರು, ಸಂಯೋಜಿತ ಕಾಲೇಜಿನ ಪ್ರಾಂಶುಪಾಲರು, ಒಬ್ಬ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು), ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಒಬ್ಬ ಡಿ ಗ್ರೂಪ್ ನೌಕರರು. ಕುಲಪತಿ, ಕುಲಸಚಿವರು ಇಲ್ಲ. ಇದಕ್ಕೆ ನಾನು ಮೂರು ತಿಂಗಳು ಓಡಾಡಿದೆ. ಆಗಿನ ಕುಲಪತಿಗಳು ಕೊನೆಗೆ ಒಪ್ಪಿದರು, ಅದು ಅವರ ದೊಡ್ಡತನ. ಮೊದಲ ವರ್ಷ ನನಗೆ ಇಪ್ಪತ್ತಕ್ಕೂ ಹೆಚ್ಚು ವಶೀಲಿ ಫೋನು ಬಂದವು. "ಸಮಿತಿಗೆ ಹೆಸರೇ ಗೊತ್ತಿಲ್ಲ ಸಾರ್" ಎನ್ನುವುದು ಸುಳ್ಳಾಗಿರಲಿಲ್ಲವಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೆ. ಈಗ ಫೋನು ನಿಂತಿವೆ.

ಸಮಿತಿ ಆರಿಸಿದ ಮೇಲೆ ಇಬ್ಬರು ಸ್ಥಳಕ್ಕೆ ಹೋಗಿ ಮೂವರನ್ನು ವಿಚಾರಿಸುತ್ತಾರೆ. ಒಬ್ಬರೇ ಹತ್ತು ಕೈಯಲ್ಲಿ ಬರೆಸಿದ ಕಾರ್ಡುಗಳನ್ನು ಹಿಡಿಯಲು ನನ್ನ ಬಳಿ ಒಂದು ಉಪಾಯ ಇದೆ. ಇಲ್ಲಿ ಬರೆದರೆ ಮುಂದಿನ ವರ್ಷ ಅದು ಕೆಲಸ ಮಾಡುವುದಿಲ್ಲ, ಹಾಗಾಗಿ ಬೇಕಾದವರು ಎದುರಿಗೆ ಸಿಕ್ಕಾಗ ಕೇಳಲಿ.

ಈಗ ದುಡ್ಡಿನ ಮಾತು. ಹಳೆಯ ಪದ್ಧತಿಯಲ್ಲಿ ಸ್ಮರಣಿಕೆ, ಶಾಲು, ಪೇಟ, ಹಣ್ಣಿನ ಬುಟ್ಟಿ, ವೇದಿಕೆಯ ಹೂವು, ಗಣ್ಯರ ಊಟ ಸೇರಿ ಒಂದೂಮುಕ್ಕಾಲು ಲಕ್ಷ ದಾಟುತ್ತಿತ್ತು. ಪ್ರಶಸ್ತಿ ಪಡೆದವರ ಕೈಗೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಸರ್ಕಾರವೇ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತಲ್ಲ, ಅದರ ಪ್ರತಿಯನ್ನು ನನ್ನ ಟಿಪ್ಪಣಿಗೆ ಲಗತ್ತಿಸಿದೆ. ಆಮೇಲೆ ಶಾಲಿನ ಪರವಾಗಿ ಯಾರೂ ವಾದಿಸಲಿಲ್ಲ.

ವಾರ್ಷಿಕ ಬಜೆಟ್ಟಿನ ಮೇಲೆ ನಿಂತರೆ ಈ ಪ್ರಶಸ್ತಿ ಉಳಿಯುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಹತ್ತು ಜನ ನಿವೃತ್ತರ ಮನೆಗೆ ಹೋಗಿ ತಲಾ ಇಪ್ಪತ್ತೈದು ಸಾವಿರ ಕೇಳಿದೆ, ಒಂಬತ್ತು ಜನ ಕೊಟ್ಟರು. ಈಗ ಆ ದತ್ತಿ ನಿಧಿ ಬೆಳೆದು ಎಂಟೂವರೆ ಲಕ್ಷಕ್ಕೆ ಬಂದಿದೆ. ಶೇಕಡಾ ಏಳಕ್ಕೆ ಸ್ವಲ್ಪ ಕಡಿಮೆ ಬಡ್ಡಿ ಎಂದರೆ ವರ್ಷಕ್ಕೆ ಐವತ್ತೆಂಟು ಸಾವಿರದ ಹತ್ತಿರ. ಆರು ಜನಕ್ಕೆ ತಲಾ ಏಳು ಸಾವಿರ ನಗದು, ಉಳಿದದ್ದು ಪುಸ್ತಕ, ಮುದ್ರಣ, ಚಹಾಕ್ಕೆ. ಪದಕ ಬೇಡವೇ ಬೇಡ ಎಂದು ಹಟ ಹಿಡಿದೆ. ವಿದ್ಯಾರ್ಥಿಗಳ ಹಳೆಯ ಚಿನ್ನದ ಪದಕದ ದತ್ತಿಗಳ ಗತಿ ಕಣ್ಣಾರೆ ಕಂಡವನು ನಾನು. ಚಿನ್ನದ ಬೆಲೆ ಎಲ್ಲಿಗೋ ಏರಿತು, ಬಡ್ಡಿ ಇದ್ದಲ್ಲೇ ಇದೆ, ಈಗ ಕೊಡುವುದು ಚಿನ್ನದ ಲೇಪದ ಪದಕ ಮಾತ್ರ.

ಆಡಿಟ್‌ನವರು ಒಂದು ಪ್ಯಾರಾ ಹಾಕಿದರು: ಹೊರಗುತ್ತಿಗೆಯವರು ನೌಕರರಲ್ಲ, ಅವರಿಗೆ ನಗದು ಹೇಗೆ? ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ನಿರ್ಣಯದಲ್ಲಿ ನಾನು ಮೊದಲೇ "ನೌಕರರು" ಎಂಬ ಪದ ತಪ್ಪಿಸಿ "ಆವರಣದಲ್ಲಿ ಸೇವೆ ಸಲ್ಲಿಸುವವರು" ಎಂದು ಬರೆಸಿದ್ದೆ, ಹಣವೂ ದತ್ತಿಯದು. ಆಕ್ಷೇಪಣೆ ಬಿದ್ದುಹೋಯಿತು. ನೀವು ಮಾಡುವಾಗ ಈ ಪದವನ್ನು ಮರೆಯಬೇಡಿ. ಗುತ್ತಿಗೆ ಸಂಸ್ಥೆಯವರು ಹಣ ತಮ್ಮ ಮೂಲಕವೇ ಹೋಗಲಿ ಎಂದರು. ಒಪ್ಪಲಿಲ್ಲ, ನೇರವಾಗಿ ಅವರವರ ಖಾತೆಗೇ ಹಾಕಿದೆವು.

ಬೋಧಕರಲ್ಲಿ ಕೆಲವರಿಗೆ ಪ್ರಬಂಧಗಳ ಲೆಕ್ಕ ಇಡಲಿಲ್ಲವೆಂಬ ಬೇಸರ ಇತ್ತು. ಸಂಶೋಧನೆಗೆ ಬಡ್ತಿ ಇದೆ, ಪದಕಗಳಿವೆ. 2023ರಿಂದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಯೇ ಉನ್ನತ ಶಿಕ್ಷಣದವರಿಗೂ ಸಿಗುತ್ತಿದೆ, ಐವತ್ತು ಸಾವಿರ ರೂಪಾಯಿ ಮತ್ತು ಬೆಳ್ಳಿ ಪದಕದ ಸಹಿತ. ನಾವು ಹುಡುಕುವವರು ಬೇರೆ. ಇಂಗ್ಲಿಷ್ ಮಾಧ್ಯಮಕ್ಕೆ ಹೆದರಿ ಊರಿಗೆ ಹೊರಟಿದ್ದ ಹುಡುಗಿಯನ್ನು ಬಸ್ ನಿಲ್ದಾಣದಿಂದ ವಾಪಸ್ ಕರೆತಂದು, ಒಂದು ವರ್ಷ ಪ್ರತಿ ಶನಿವಾರ ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ ಹೇಳಿಕೊಟ್ಟವರು ಒಬ್ಬರಿದ್ದಾರೆ. ಆ ಕಾರ್ಡು ಓದಿದಾಗ ಸಮಿತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೆಸರು ತೆರೆದಾಗ ಅವರು ಅತಿಥಿ ಉಪನ್ಯಾಸಕರೆಂದು ಗೊತ್ತಾಯಿತು.

2023ರಲ್ಲಿ ದೊಡ್ಡ ತಪ್ಪಾಯಿತು. ಆಯ್ಕೆಯಾದ ಒಬ್ಬರ ಮೇಲೆ ಇಲಾಖಾ ವಿಚಾರಣೆ ನಡೆಯುತ್ತಿತ್ತು, ವೇದಿಕೆಯಿಂದ ಇಳಿದ ಮೇಲೆ ನನಗೆ ತಿಳಿಯಿತು. ಕಾರ್ಡಿನಲ್ಲಿದ್ದ ಘಟನೆ ನಿಜವೇ ಆಗಿತ್ತು, ಆದರೂ ದೂರು ಕೊಟ್ಟವರು ಸಭೆಯಲ್ಲೇ ಕೂತಿದ್ದರು. ಅವರ ಬಳಿ ಹೋಗಿ ಕ್ಷಮೆ ಕೇಳಿದೆ. ಈಗ ಆಡಳಿತ ಶಾಖೆಯಿಂದ ಲಿಖಿತ ಟಿಪ್ಪಣಿ ಬಾರದೆ ಹೆಸರು ಹೊರಗೆ ಬಿಡುವುದಿಲ್ಲ. ಇನ್ನೊಂದು ತೊಂದರೆ ನಾನು ಎಣಿಸಿಯೇ ಇರಲಿಲ್ಲ. ಪ್ರಶಸ್ತಿ ಬಂದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು) ಒಬ್ಬರ ಮೇಜಿಗೆ ಪಕ್ಕದ ಮೂರು ಶಾಖೆಯ ಕಡತಗಳು ಬಂದು ಬಿದ್ದವು, "ನೀವು ಚೆನ್ನಾಗಿ ಮಾಡ್ತೀರಂತೆ" ಎಂದು. ಆ ಹೊರೆಯನ್ನು ಕುಲಸಚಿವರಿಂದ ಇಳಿಸಲು ಎರಡು ತಿಂಗಳು ಹಿಡಿಯಿತು.

ನಡುವೆ ಸಣ್ಣ ಪ್ರಯೋಗಗಳನ್ನೂ ಮಾಡಿದೆ. ಬಿನ್ನವತ್ತಳೆಯನ್ನು ನಿರೂಪಕರಿಂದ ಓದಿಸುವುದು ಬಿಟ್ಟು ಕಾರ್ಡು ಬರೆದವರೇ ಬಂದು ಒಂದೂವರೆ ನಿಮಿಷ ಅವರ ಮಾತಿನಲ್ಲೇ ಹೇಳಲಿ ಎಂದೆ. ಹಾಸ್ಟೆಲಿನ ಹುಡುಗಿಯೊಬ್ಬಳು ತನಗೆ ಟೈಫಾಯ್ಡ್ ಆದಾಗ ಹದಿನೈದು ದಿನ ಬೇರೆ ಗಂಜಿ ಮಾಡಿಕೊಟ್ಟ ಅಡುಗೆಯವರ ಬಗ್ಗೆ ಅಪ್ಪಟ ಜವಾರಿ ಮಾತಿನಲ್ಲಿ ಹೇಳಿದಳು. ಆ ದನಿಗಳನ್ನೆಲ್ಲ ಗ್ರಂಥಾಲಯದಲ್ಲಿ ಧ್ವನಿಮುದ್ರಿಸಿ ಇಟ್ಟಿದ್ದೇವೆ. ತಿಂಗಳ ಪ್ರಶಸ್ತಿ ಮಾಡಿ ನೋಡಿದೆ, ನಾಲ್ಕೇ ತಿಂಗಳಿಗೆ ಸಪ್ಪೆಯಾಯಿತು. ವಿಶ್ವವಿದ್ಯಾಲಯಕ್ಕೆ ಗುಣಮಟ್ಟದ ಮಾನ್ಯತೆ ಕೊಡುವ ನ್ಯಾಕ್‌ನ ಪೀರ್ ಟೀಮ್ ಬಂದಾಗ ಈ ಕಾರ್ಡುಗಳನ್ನು ಕೈಗೆತ್ತಿಕೊಂಡು ಅರ್ಧ ಗಂಟೆ ಓದಿದರು. ಬೇರೆ ಎರಡು ವಿಶ್ವವಿದ್ಯಾಲಯದವರು ನಮ್ಮ ನಿಯಮಾವಳಿ ಒಯ್ದಿದ್ದಾರೆ.

ಆದರೆ ನಾನು ಮಾಡಿದ್ದರಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟದ್ದು ವೇದಿಕೆಗೆ ಸಂಬಂಧಿಸಿದ್ದೇ ಅಲ್ಲ. ಆಯ್ಕೆಯಾಗದ ಕಾರ್ಡುಗಳ ನಕಲನ್ನೂ ಲಕೋಟೆಯಲ್ಲಿಟ್ಟು, ಅವು ಯಾರ ಬಗ್ಗೆ ಇದ್ದವೋ ಅವರವರಿಗೆ ತಲುಪಿಸುತ್ತೇವೆ. ಎರಡು ಸಾವಿರ ರೂಪಾಯಿ ಒಳಗಿನ ಖರ್ಚು. ಆ "ಕಾಕಾ" ಕಾರ್ಡಿನ ಕಾವಲುಗಾರರಿಗೆ ನಾನೇ ಹೋಗಿ ಕೊಟ್ಟೆ. ಗೇಟಿನ ದೀಪದ ಕೆಳಗೆ ಎರಡು ಸಲ ಓದಿ, ಮಡಿಸಿ, ಗುರುತಿನ ಚೀಟಿಯ ಹಿಂದೆ ಸೇರಿಸಿಕೊಂಡರು. ನಿವೃತ್ತಿಯಾಗುವವರೆಗೂ ಅದು ಅಲ್ಲೇ ಇತ್ತು.

ಮುಂದಿನ ಸಲಕ್ಕೆ ಕಾರ್ಡು ಮೂರು ಸಾವಿರ ತರಿಸಿದ್ದೇನೆ. ಜುಲೈ ಮೊದಲ ವಾರ ಹಂಚಿಕೆ.