ಕಾರವಾರದ ದಡದಲ್ಲಿ ಸಿಂಕ್ ಸೌಂಡ್, ಆಮೇಲೆ ಪ್ರಶಸ್ತಿಯ ಅರ್ಜಿ

ಕಾರವಾರದಲ್ಲಿ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್ ಮಾಡೋದು, ಸುಲಭ ಅಲ್ಲ. ಒಂದು ಕಡೆ ಕಡಲು, ಅದರ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 66. ಅಲೆಗೆ ಬೆನ್ನು ಮಾಡಿ ಮೈಕ್ ಹಿಡಿದರೆ ಲಾರಿ ಕೇಳುತ್ತದೆ, ಲಾರಿಗೆ ಬೆನ್ನು ಮಾಡಿದರೆ ಅಲೆ. ಮೀನುಗಾರರ ಮನೆಯೊಂದರ ಕತೆ ಇಟ್ಟುಕೊಂಡು ನಾವು ಸಣ್ಣ ಸಿನಿಮಾ ಮಾಡುತ್ತಿದ್ದೆವು. ಡಬ್ಬಿಂಗ್ ಬೇಡವೇ ಬೇಡ ಎಂದು ನಿರ್ದೇಶಕರ ಹಟ. ಸ್ಥಳದಲ್ಲಿ ಧ್ವನಿ ರೆಕಾರ್ಡ್ ಮಾಡುವ ನನ್ನ ಹಟವೂ ಅದೇ. ನಟಿಸಿದವರಲ್ಲಿ ಹೆಚ್ಚಿನವರು ಇಲ್ಲಿಯವರು. ಕೊಂಕಣಿ ಬೆರೆತ ಅವರ ಕನ್ನಡದ ರಾಗ ಬೆಂಗಳೂರಿನ ಡಬ್ಬಿಂಗ್ ರೂಮಿನಲ್ಲಿ ಎರಡನೇ ಸಲ ಬರುವುದಿಲ್ಲ.

ನಾನು ಬೂಮ್ ಅನ್ನು, ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕನ್ನು, ನಟರ ತಲೆಯ ಮೇಲಿಂದ ನೇರ ಕೆಳಕ್ಕೆ, ಮರಳಿಗೆ ಮುಖ ಮಾಡಿ ಹಿಡಿಸಿದೆ. ಹೈಪರ್‌ಕಾರ್ಡಿಯಾಯ್ಡ್ ಮೈಕ್ ಅಕ್ಕಪಕ್ಕದ ಸದ್ದನ್ನು ಕಡಿಮೆ ಹಿಡಿಯುತ್ತದೆ. ಒಣ ಮರಳು ಸದ್ದನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಕಡಲು, ಹೆದ್ದಾರಿ ಎರಡೂ ಒಟ್ಟಿಗೆ ಹಿಂದೆ ಸರಿದವು. ಪೂರ್ತಿ ಹೋಗಲಿಲ್ಲ, ಹೋಗುವುದೂ ಬೇಡ. ಮಾತು ಮುಂದೆ ಬಂತು, ಅಷ್ಟು ಸಾಕು.

ಹೊತ್ತು ನೋಡಿಕೊಳ್ಳುವುದು ಮೈಕಿಗಿಂತ ಮುಖ್ಯ. ಮಧ್ಯಾಹ್ನ ಆಯಿತೆಂದರೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ದಡದ ಗಾಳಿಮರಗಳು ಸುಯ್ಯೆಂದು ಶುರುಮಾಡುತ್ತವೆ. ಆ ಸುಯ್ ಮಾತಿನ ಸ, ಶ, ಚ ಅಕ್ಷರಗಳ ಮೇಲೇ ಬಂದು ಕೂರುತ್ತದೆ. ಅದಕ್ಕೆ ಮಾತಿರುವ ದೃಶ್ಯಗಳನ್ನೆಲ್ಲ ಬೆಳಿಗ್ಗೆಗೆ ಹಾಕಿಸಿದೆ. ಭರತಿ, ಇಳಿತದ ಲೆಕ್ಕವನ್ನೂ ಕಾಲ್ ಶೀಟಿಗೆ, ಅಂದರೆ ದಿನದ ಶೂಟಿಂಗ್ ವೇಳಾಪಟ್ಟಿಗೆ, ಸೇರಿಸಿದೆ. ಭರತಿಯಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಅಷ್ಟರಲ್ಲಿ ಅಲೆ ಒಡೆಯುವ ಜಾಗ ದೂರ ಸರಿದಿರುತ್ತದೆ, ಅದರ ಸದ್ದೂ ಬದಲಾಗಿರುತ್ತದೆ. ಬೆಳಿಗ್ಗೆ ತೆಗೆದ ಶಾಟ್ ಪಕ್ಕ ಮಧ್ಯಾಹ್ನದ ಶಾಟ್ ಜೋಡಿಸಿದರೆ ಕಣ್ಣಿಗೆ ಗೊತ್ತಾಗದು, ಕಿವಿಗೆ ಗೊತ್ತಾಗುತ್ತದೆ.

ನನಗೆ ತುಂಬಾ ಇಷ್ಟವಾದ ಕೆಲಸ ಯೇಂಡಿ ಬಲೆ ಎಳೆಯುವ ದೃಶ್ಯದ್ದು. ಎರಡೂ ಕಡೆಯಿಂದ ಜನ ಹಗ್ಗ ಹಿಡಿದು ದಡಕ್ಕೆ ಎಳೆಯುತ್ತಾರೆ. ಅಲ್ಲಿ ಒಂದೇ ಸದ್ದಿಲ್ಲ. ಒದ್ದೆ ಹಗ್ಗದಿಂದ ನೀರು ಹಿಂಡಿ ಮರಳಿಗೆ ಬೀಳುತ್ತದೆ, ಹಿಮ್ಮಡಿ ಮರಳಿನಲ್ಲಿ ಹೂತು ಜಾರುತ್ತದೆ, ಬಲೆಯ ಬೆಂಡುಗಳು ಒಂದಕ್ಕೊಂದು ತಾಗಿ ಟಕಟಕ ಅನ್ನುತ್ತವೆ. ಅಲ್ಲಿದ್ದ ಹಿರಿಯ ತಾಂಡೇಲರು, ಅಂದರೆ ಮೀನುಗಾರರ ಮುಖ್ಯಸ್ಥರು, ನನ್ನನ್ನು ಕರೆದು, ‘ತಮ್ಮಾ, ಮೀನು ಮೇಲೆ ಬಂದಾಗ ಹತ್ರ ಬಾ, ಅದರ ಸದ್ದು ಸ್ವಲ್ಪ ಹೊತ್ತೇ ಇರೋದು’ ಎಂದರು. ನಾನು ಮೈಕ್ ಹಿಡಿದು ಬಲೆಯ ಪಕ್ಕ ಮೊಣಕಾಲೂರಿದೆ. ಬಂಗುಡೆ, ತಾರ್ಲೆ ಒಟ್ಟಿಗೆ ಒದ್ದಾಡುವಾಗ ಒಣ ಎಲೆಯ ಮೇಲೆ ಜೋರು ಮಳೆ ಬಿದ್ದಂತೆ ಕೇಳುತ್ತದೆ. ಆಮೇಲೆ ಅದು ತೆಳುವಾಗುತ್ತಾ ಹೋಗಿ ನಿಲ್ಲುತ್ತದೆ. ಸಿನಿಮಾದಲ್ಲಿ ಆ ಜಾಗದಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಹಾಕಬೇಡಿ ಎಂದು ನಾನು ಕೇಳಿಕೊಂಡೆ, ನಿರ್ದೇಶಕರೂ ಒಪ್ಪಿದರು.

ಬಂದರಿನ ಸದ್ದು ಬೇಕಿದ್ದಾಗ ಮಳೆಗಾಲಕ್ಕೆ ಕಾದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಬೇರೆ ದಿನ ಡೀಸೆಲ್ ಎಂಜಿನ್ ಸದ್ದಿನ ಅಡಿಯಲ್ಲಿ ಹೂತುಹೋಗುವ ಸಣ್ಣ ಸದ್ದುಗಳೆಲ್ಲ ಆಗ ಸಿಗುತ್ತವೆ. ಕಟ್ಟಿದ ಹಗ್ಗ ಬಿಗಿಯುವುದು, ದೋಣಿ ಟೈರಿಗೆ ಉಜ್ಜುವುದು. ಮಳೆ ಬಿಟ್ಟ ನಡುವಿನ ಹೊತ್ತಿನಲ್ಲಿ ಹೋಗಿ ಹಿಡಿಯಬೇಕು ಅಷ್ಟೇ.

ಸ್ಥಳದ ರೆಕಾರ್ಡಿಂಗ್ ನನ್ನದು. ಡಿಸೈನ್ (ಸಿನಿಮಾದ ಸದ್ದುಗಳನ್ನೆಲ್ಲ ಆರಿಸಿ ಕಟ್ಟುವುದು), ಮಿಕ್ಸ್ (ಅವನ್ನು ಹದವಾಗಿ ಬೆರೆಸುವುದು) ಬೆಂಗಳೂರಿನ ಗೆಳತಿಯದು. ಸಿನಿಮಾವನ್ನು ಪ್ರಶಸ್ತಿಗೆ ಕಳಿಸುವಾಗ ಸೌಂಡ್ ಅನ್ನುವಲ್ಲಿ ಯಾರ ಹೆಸರು ಬರೆಯೋದು ಎಂಬ ಪ್ರಶ್ನೆ ಬಂತು. ಆಗ ನಾನು ಹಳೆಯ ಪಟ್ಟಿಗಳನ್ನೆಲ್ಲ ಕೂತು ಓದಿದೆ.

2009ರ ಚಿತ್ರಗಳಿಂದ ನಮ್ಮ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಸೌಂಡಿಗೆ ಮೂರು ಗೌರವ ಇದ್ದವು. ಸ್ಥಳದಲ್ಲಿ ರೆಕಾರ್ಡ್ ಮಾಡಿದವರಿಗೆ ಒಂದು, ಡಿಸೈನರ್‌ಗೆ ಒಂದು, ಕೊನೆಯ ಮಿಕ್ಸ್ ಮಾಡಿದವರಿಗೆ ಒಂದು. 2024ರಲ್ಲಿ ಘೋಷಣೆಯಾದ 70ನೇ ಪ್ರಶಸ್ತಿಯಲ್ಲಿ ಉಳಿದದ್ದು ಸೌಂಡ್ ಡಿಸೈನ್ ಒಂದೇ. ಆಸ್ಕರ್‌ನವರೂ 2021ರಿಂದ ಸೌಂಡ್ ಎಡಿಟಿಂಗ್, ಸೌಂಡ್ ಮಿಕ್ಸಿಂಗ್ ಎರಡನ್ನೂ ಸೇರಿಸಿ ಒಂದೇ ಮಾಡಿದ್ದಾರೆ. ಆದರೆ ಅಲ್ಲಿ ಪ್ರಶಸ್ತಿ ಒಂದಾದರೂ ಹೆಸರುಗಳು ಉಳಿದವು. ಆ ವರ್ಷ ಗೆದ್ದ ‘ಸೌಂಡ್ ಆಫ್ ಮೆಟಲ್’ ತಂಡದ ಐದು ಜನರಲ್ಲಿ ಸ್ಥಳದ ರೆಕಾರ್ಡಿಂಗ್ ಮಾಡಿದವರೂ ಇದ್ದರು. ಅದಕ್ಕೂ ಮೊದಲು, 2009ರಲ್ಲಿ ರಸೂಲ್ ಪೂಕುಟ್ಟಿ ‘ಸ್ಲಂಡಾಗ್ ಮಿಲಿಯನೇರ್’ ಚಿತ್ರಕ್ಕೆ ಆಸ್ಕರ್ ಹಂಚಿಕೊಂಡದ್ದೂ ಮುಂಬೈನ ಬೀದಿಗಳಲ್ಲಿ ಧ್ವನಿ ಹಿಡಿದ ಕೆಲಸಕ್ಕೆ. ನಮ್ಮಲ್ಲೂ ಹಾಗೇ ಆಗಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಪ್ರಶಸ್ತಿ ಒಂದೇ ಇರಲಿ, ಹೆಸರು ಮೂರೂ ಇರಲಿ.

ಮೂರು ಪ್ರಶಸ್ತಿ ಇದ್ದಾಗ ಎಲ್ಲ ಸರಿಯಿತ್ತು ಅಂತಲೂ ಅಲ್ಲ. 2022ರಲ್ಲಿ ಸ್ಥಳದ ಧ್ವನಿಮುದ್ರಣದ ಗೌರವ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಬಂತು. ಆದರೆ ಅದು ಸಿಂಕ್ ಸೌಂಡ್ ಸಿನಿಮಾ ಅಲ್ಲ, ಡಬ್ ಆಗಿದ್ದು ಎಂದು ಅದಕ್ಕೆ ಸೌಂಡ್ ಕೆಲಸ ಮಾಡಿದ ನಿತಿನ್ ಲುಕೋಸ್ ಅವರೇ ಬಹಿರಂಗವಾಗಿ ಹೇಳಿದರು. ಮುಗಿದ ಮಿಕ್ಸ್ ಮಾತ್ರ ಕೇಳಿದರೆ ಯಾವುದು ಜಾಗದ್ದು, ಯಾವುದು ಸ್ಟುಡಿಯೋದ್ದು ಎಂದು ಪಳಗಿದ ಕಿವಿಗೂ ಗೊತ್ತಾಗದೇ ಹೋಗಬಹುದು. ಚೆನ್ನಾಗಿ ಡಬ್ ಮಾಡುವುದೂ ದೊಡ್ಡ ವಿದ್ಯೆಯೇ. ಆದರೆ ಅದು ಬೇರೆ ಕೆಲಸ ಅಲ್ವಾ?

ಈಗ ಯಾವ ಸಿನಿಮಾ ಮುಗಿದರೂ ನಿರ್ಮಾಪಕರಿಗೆ ಒಂದು ಹಾರ್ಡ್ ಡಿಸ್ಕ್ ಕೊಡುತ್ತೇನೆ. ಕೈ ಹಚ್ಚದ ಮೂಲ ಟ್ರ್ಯಾಕ್‌ಗಳು, ದಿನದಿನದ ಸೌಂಡ್ ರಿಪೋರ್ಟ್, ಯಾವ ಮಾತು ಸ್ಥಳದ್ದು, ಯಾವುದು ಆಮೇಲೆ ಡಬ್ ಮಾಡಿದ್ದು ಅನ್ನುವ ಪಟ್ಟಿ, ಎಲ್ಲ ಅದರಲ್ಲಿರುತ್ತದೆ. ಯಾವ ಜ್ಯೂರಿ ಕೇಳಿದರೂ ಸುಮ್ನೆ ಅದನ್ನೇ ಮುಂದಿಡಬಹುದು. ಕರಾರಿನಲ್ಲೂ ಒಂದು ಸಾಲು ಬರೆಸುತ್ತೇನೆ: ಸೌಂಡಿನ ಹೆಸರು ಹೋಗುವ ಕಡೆಯಲ್ಲೆಲ್ಲ ರೆಕಾರ್ಡಿಂಗ್, ಡಿಸೈನ್, ಮಿಕ್ಸ್ ಮಾಡಿದವರ ಜೊತೆ ಬೂಮ್ ಹಿಡಿದವರ ಹೆಸರೂ ಹೋಗಬೇಕು. ಈವರೆಗೆ ಯಾವ ನಿರ್ಮಾಪಕರೂ ಬೇಡ ಅಂದಿಲ್ಲ. ಕೇಳುವವರೇ ಇರಲಿಲ್ಲ ಎಂದು ಒಬ್ಬರು ಹೇಳಿದರು.